ಉಡುಮಲೈಯ ಕವಿ ಮತ್ತು ಕಾಗೆಯ ಹಾಡು

ಕೊಯಮತ್ತೂರಿನ ದಕ್ಷಿಣದಲ್ಲಿ, ಆನೆಮಲೆಯ ಬೆಟ್ಟಸಾಲು ನೀಲಿಯಾಗಿ ಕಾಣಿಸುವ ಬಯಲಿನಲ್ಲಿ ಉಡುಮಲೈಪೇಟೆ ಇದೆ. ಇಂದು ತಿರುಪ್ಪೂರು ಜಿಲ್ಲೆಗೆ ಸೇರಿರುವ ಈ ಊರು 2009ಕ್ಕೆ ಮೊದಲು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇಂದಿಗೂ ಆಡುಮಾತು. ಆದರೆ ಆ ಮನೆಗಳ ಮಕ್ಕಳು ಓದುಬರಹ ಕಲಿಯುವುದು ತಮಿಳಿನಲ್ಲಿ. ನನ್ನ ತಾಯಿಯ ತವರು ಅಂತಹ ಮನೆಗಳಲ್ಲೊಂದು. ಕನ್ನಡ ವಿಭಾಗದ ಪತ್ರಿಕೆಯಲ್ಲಿ ತಮಿಳು ಕವಿಯೊಬ್ಬರ ಚರಿತ್ರೆಯನ್ನು ಬರೆಯುವುದಕ್ಕೆ ಅದೇ ನನಗಿರುವ ಅಧಿಕಾರ. ಈ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಿಗೆ ಧರಿಸಿ ತಮಿಳುನಾಡಿನಾದ್ಯಂತ ಪ್ರಸಿದ್ಧರಾದ ಉಡುಮಲೈ ನಾರಾಯಣಕವಿಗಳು ಆ ಕವಿ.

ಅವರು ಹುಟ್ಟಿದ್ದು 1899ರ ಸೆಪ್ಟೆಂಬರ್ 25ರಂದು, ಉಡುಮಲೈ ಸೀಮೆಯ ಪೂಳವಾಡಿ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಇಟ್ಟ ಹೆಸರು ನಾರಾಯಣಸ್ವಾಮಿ. ಶಾಲೆಯ ವಿದ್ಯೆ ಕೆಳಗಿನ ತರಗತಿಗಳಲ್ಲಿಯೇ ನಿಂತುಹೋಯಿತು. ಮನೆಯಲ್ಲಿ ಬಡತನವಿತ್ತು. ಹಳ್ಳಿಯ ಉತ್ಸವಗಳ ಕುಣಿತ, ಹಾಡು, ಬಯಲಾಟಗಳೇ ಅವರ ಮೊದಲ ಪಾಠಶಾಲೆ. ಬಳಿಕ ಉಡುಮಲೈಯ ಮುತ್ತುಸಾಮಿ ಕವಿರಾಯರು ಗುರುಗಳಾಗಿ ದೊರೆತರು. ಅವರ ಬಳಿಯಲ್ಲಿ ಛಂದಸ್ಸನ್ನೂ ರಂಗದ ಪದ ಕಟ್ಟುವ ಕ್ರಮವನ್ನೂ ಕಲಿತು, ನಾಟಕಗಳಿಗೆ ಸಂಭಾಷಣೆ, ಹಾಡು ಬರೆಯತೊಡಗಿದರು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ದೇಶಭಕ್ತಿಯ ಹಾಡುಗಳನ್ನು ಬರೆದು ವೇದಿಕೆಗಳಲ್ಲಿ ತಾವೇ ಹಾಡಿದರು.

ಕಂಪನಿ ನಾಟಕಗಳ ಆ ಲೋಕವು ಕನ್ನಡದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಗುಬ್ಬಿ ವೀರಣ್ಣನವರ ಕಂಪನಿಯ ಕಾಲವೂ ಅದೇ. ಹುಣಸೂರು ಕೃಷ್ಣಮೂರ್ತಿ, ಕು.ರ. ಸೀತಾರಾಮಶಾಸ್ತ್ರಿಗಳಂತಹವರು ರಂಗಭೂಮಿಯಿಂದ ಬಂದು ಕನ್ನಡ ಚಿತ್ರಗಳಿಗೆ ಮಾತನ್ನೂ ಹಾಡನ್ನೂ ಕೊಟ್ಟ ಹಾಗೆಯೇ ನಾರಾಯಣಕವಿಗಳೂ ರಂಗದಿಂದ ಚಿತ್ರಕ್ಕೆ ಬಂದರು. ರಂಗದ ಕವಿಗೆ ಒಂದು ಕಟ್ಟುಪಾಡುಂಟು. ದೀಪದ ಬೆಳಕು ಮುಟ್ಟದಷ್ಟು ದೂರದಲ್ಲಿ, ನೆಲದ ಮೇಲೆ ಕುಳಿತ ಕೂಲಿಯವನಿಗೂ ಹಾಡು ಮೊದಲ ಸಲ ಕೇಳಿದಾಗಲೇ ತಿಳಿಯಬೇಕು. ಪುಟ ತಿರುಗಿಸಿ ಮತ್ತೆ ನೋಡುವ ಅವಕಾಶ ಅವನಿಗಿಲ್ಲ. ಈ ಕಟ್ಟುಪಾಡನ್ನು ನಾರಾಯಣಕವಿಗಳು ಕೊನೆಯವರೆಗೂ ಬಿಡಲಿಲ್ಲ. ಜಾನಪದ ಮಟ್ಟುಗಳು, ದಿನಬಳಕೆಯ ಪದಗಳು, ಚಿಕ್ಕ ಸಾಲುಗಳು ಅವರ ಸಾಧನಗಳಾದವು. ಪಂಡಿತರು ಕೆಲವರು ಇದನ್ನು ಬಡತನವೆಂದು ಎಣಿಸಿದ್ದರೆ ಆಶ್ಚರ್ಯವಿಲ್ಲ. ನಮ್ಮ ತರಗತಿಗಳಲ್ಲಿಯೂ ಚಿತ್ರಗೀತೆಯೆಂದೊಡನೆ ಮುಗುಳ್ನಗುವವರಿದ್ದಾರೆ.

ಹಾಸ್ಯನಟ ಎನ್.ಎಸ್. ಕೃಷ್ಣನ್ ಅವರ ಸ್ನೇಹ ಕವಿಗಳ ಬಾಳಿಗೊಂದು ಹೊಸ ದಿಕ್ಕನ್ನು ಕೊಟ್ಟಿತು. ಕೃಷ್ಣನ್ ನಗಿಸುತ್ತಲೇ ಸಮಾಜವನ್ನು ಪ್ರಶ್ನಿಸುತ್ತಿದ್ದವರು. ಅವರಿಗಾಗಿ ನಾರಾಯಣಕವಿಗಳು ಬರೆದ ಕಿಂದನಾರ್ ಕಥಾಕಾಲಕ್ಷೇಪವು 1949ರ ನಲ್ಲತಂಬಿ ಚಿತ್ರದ ಮೂಲಕ ಮನೆಮಾತಾಯಿತು. ಅರವತ್ತಮೂರು ಪುರಾತನರಲ್ಲಿ ಒಬ್ಬನಾದ ನಂದನಾರನ ಕಥೆ ನಿಮಗೆ ತಿಳಿದಿರಬಹುದು: ಕುಲದ ಕಾರಣದಿಂದ ಗುಡಿಯ ಹೊರಗೆ ನಿಲ್ಲಬೇಕಾದ ಭಕ್ತನು ಚಿದಂಬರದ ನಟರಾಜನನ್ನು ಕಾಣಲು ಹಂಬಲಿಸಿದ ಕಥೆ. ಗೋಪಾಲಕೃಷ್ಣ ಭಾರತಿಗಳು ಅದನ್ನು ಹಾಡುಗಬ್ಬವಾಗಿಸಿದ್ದರು. ನಾರಾಯಣಕವಿಗಳ ಕಿಂದನು ಚಿದಂಬರಕ್ಕೆ ಹೋಗುವುದಿಲ್ಲ. ರೈಲು ಹತ್ತಿ ಪಟ್ಟಣಕ್ಕೆ ಹೋಗಿ ವಿದ್ಯೆ ಕಲಿಯುತ್ತಾನೆ. ಹಳೆಯ ಕಥೆಯ ಚೌಕಟ್ಟು ಹಾಗೆಯೇ ಇದೆ, ಗರ್ಭಗುಡಿಯ ಸ್ಥಾನದಲ್ಲಿ ಶಾಲೆ ಇದೆ. ಇಂತಹ ಕೃತಿಗಳಿಂದಲೇ ಅವರಿಗೆ ವಿಚಾರವಾದಿ ಕವಿಯೆಂಬ ಬಿರುದು ನಿಂತಿತು. ಅಣ್ಣಾದುರೈ ಅವರ ಕಥೆಯನ್ನಾಧರಿಸಿದ ವೇಲೈಕಾರಿ ಚಿತ್ರವೂ ಅದೇ ವರ್ಷ ಬಂದಿತು. ಅದಕ್ಕೂ ಹಾಡು ಬರೆದವರು ಇವರೇ.

ಆದರೂ ನಾನು ಈ ಲೇಖನವನ್ನು ಬರೆಯುತ್ತಿರುವುದು ಆ ದೊಡ್ಡ ಕಥಾಕಾಲಕ್ಷೇಪಕ್ಕಾಗಿ ಅಲ್ಲ, ಒಂದು ಚಿಕ್ಕ ಹಾಡಿಗಾಗಿ. 1952ರ ದೀಪಾವಳಿಯ ಹೊತ್ತಿಗೆ ಪರಾಶಕ್ತಿ ಚಿತ್ರ ಬಿಡುಗಡೆಯಾಯಿತು. ಕರುಣಾನಿಧಿಯವರ ಸಂಭಾಷಣೆ, ಕೃಷ್ಣನ್ ಮತ್ತು ಪಂಜು ಅವರ ನಿರ್ದೇಶನ, ನಾಯಕನಾಗಿ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ. ಯುದ್ಧದ ಕಾಲದಲ್ಲಿ ಬರ್ಮಾದಿಂದ ಹೊರಟು ಮದರಾಸಿಗೆ ಬಂದಿಳಿದ ಗುಣಶೇಖರನು ಇದ್ದುದನ್ನೆಲ್ಲ ಕಳೆದುಕೊಂಡು ಬೀದಿಪಾಲಾಗುತ್ತಾನೆ. ಹಸಿವೆಯಿಂದ ಅಲೆಯುವ ಅವನು ಕಾಗೆಗಳನ್ನು ಕಂಡು ಹಾಡುತ್ತಾನೆ. ಕಾಗೆಯ ಕೂಗೇ ಆ ಹಾಡಿನ ಪಲ್ಲವಿ. ಸುದರ್ಶನಂ ಅವರ ಸಂಗೀತ, ಸಿ.ಎಸ್. ಜಯರಾಮನ್ ಅವರ ಕಂಠ.

ಹಾಡಿನಲ್ಲಿ ಹೇಳಿರುವುದು ತೀರ ಸಾಮಾನ್ಯವಾದ ಸಂಗತಿ. ಕಾಗೆಯು ಅನ್ನ ಕಂಡರೆ ಒಂಟಿಯಾಗಿ ತಿನ್ನುವುದಿಲ್ಲ, ತನ್ನವರನ್ನು ಕರೆಯುತ್ತದೆ, ಮನುಷ್ಯನು ಹಾಗಲ್ಲ. ಇದನ್ನು ತಿಳಿಯದ ಮಗುವಿಲ್ಲ. ಅಲಂಕಾರವೆಂದು ಎತ್ತಿ ತೋರಿಸಬಹುದಾದದ್ದು ಅದರಲ್ಲಿ ಬಹಳವಿಲ್ಲ. ಕವಿಯ ಜಾಣ್ಮೆ ಇರುವುದು ಹಾಡನ್ನು ಯಾರ ಬಾಯಲ್ಲಿ ಇಟ್ಟರೆಂಬುದರಲ್ಲಿ. ಉಂಡು ಕುಳಿತವನು ಇದನ್ನು ಹೇಳಿದ್ದರೆ ನೀತಿಬೋಧೆಯಾಗುತ್ತಿತ್ತು. ಇಲ್ಲಿ ಹಾಡುವವನು ಹಸಿದವನು, ಮತ್ತು ಅವನ ಬಳಗದವರು ಯಾರೂ ಅವನನ್ನು ಕರೆಯುತ್ತಿಲ್ಲ.

ನನ್ನ ಅಜ್ಜಿ ಪ್ರತಿದಿನವೂ ತಾನು ಉಣ್ಣುವ ಮೊದಲು ಒಂದು ಹಿಡಿ ಅನ್ನವನ್ನು ಹಿತ್ತಿಲ ಗೋಡೆಯ ಮೇಲಿಟ್ಟು ಕಾಗೆಗಳನ್ನು ಕೂಗಿ ಕರೆಯುತ್ತಿದ್ದಳು. ತಮಿಳುನಾಡಿನ ಮನೆಮನೆಯ ವಾಡಿಕೆ ಅದು. ಗತಿಸಿದ ಹಿರಿಯರು ಕಾಗೆಯ ರೂಪದಲ್ಲಿ ಬರುತ್ತಾರೆಂಬ ನಂಬಿಕೆ. ರೇಡಿಯೋದಲ್ಲಿ ಈ ಹಾಡು ಬಂದರೆ ಕೈಯ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಅವಳಿಗೆ ಅದು ಸಮಾಜದ ಟೀಕೆಯಾಗಿರಲಿಲ್ಲ. ತನ್ನ ಹಿತ್ತಿಲಿನ ಹಾಡು, ಸತ್ತವರನ್ನು ಊಟಕ್ಕೆ ಕರೆಯುವ ಹಾಡು. ಹಿರಿಯರು ಕಾಗೆಯಾಗಿ ಬರುತ್ತಾರೆಂಬುದನ್ನು ವಿಚಾರವಾದಿಯಾದ ಕವಿಗಳು ಒಪ್ಪುತ್ತಿದ್ದರೋ ಇಲ್ಲವೋ. ಹಾಡು ಮಾತ್ರ ಅವಳನ್ನು ಹೊರಗಿಡಲಿಲ್ಲ.

ನನಗೆ ಅದು ತೆರೆದುಕೊಂಡದ್ದು ಬೇರೆ ಬಗೆಯಲ್ಲಿ. ಐಚ್ಛಿಕ ಕನ್ನಡದ ತರಗತಿಯಲ್ಲಿ ಬಸವಣ್ಣನವರ ವಚನಗಳನ್ನು ಓದುತ್ತಿದ್ದಾಗ, ಅಗುಳು ಕಂಡ ಕಾಗೆ ತನ್ನ ಬಳಗವನ್ನು ಕರೆಯುವ ವಚನ ಬಂದಿತು. ಅಧ್ಯಾಪಕರು ಭಕ್ತನ ಬಳಗಪ್ರೀತಿಯನ್ನು ವಿವರಿಸುತ್ತಿದ್ದರು. ನನ್ನ ಕಿವಿಯಲ್ಲಿ ಉಡುಮಲೈಯ ರೇಡಿಯೋ ಕೇಳುತ್ತಿತ್ತು. ಲಿಪಿಯನ್ನು ಕಲಿಯುವಾಗ ಕನ್ನಡವು ನನಗೆ ಬೇರೆಯವರ ಮನೆಯಂತೆ ಕಾಣುತ್ತಿತ್ತು. ಆಡುತ್ತಿದ್ದ ಭಾಷೆಯನ್ನೇ ಪರಭಾಷೆಯಂತೆ ಅಕ್ಷರಗೂಡಿಸಿ ಓದುವ ಸಂಕೋಚವನ್ನು ಗಡಿನಾಡಿನವರು ಬಲ್ಲರು. ಆ ದಿನ ಮಾತ್ರ ಹನ್ನೆರಡನೆಯ ಶತಮಾನದ ಕಲ್ಯಾಣದ ಕಾಗೆ ನಮ್ಮ ಹಿತ್ತಿಲ ಗೋಡೆಗೆ ಬಂದು ಕುಳಿತಿತು.

ಇದನ್ನು ಪ್ರಭಾವವೆಂದು ತಿಳಿಯಬಾರದು. ನಾರಾಯಣಕವಿಗಳ ಬೆನ್ನ ಹಿಂದೆ ಇದ್ದುದು ತಿರುಕ್ಕುರಳ್. ಬಂಧುಗಳನ್ನು ಪೊರೆಯುವುದರ ಕುರಿತ ಅಧಿಕಾರದಲ್ಲಿ ತಿರುವಳ್ಳುವರ್ ಇದೇ ಕಾಗೆಯನ್ನು ತಂದಿದ್ದಾರೆ. ವಳ್ಳುವರಿಗೆ ಅದು ಸಂಪತ್ತು ನೆಲೆಯಾಗುವ ಬಗೆ, ಬಸವಣ್ಣನವರಿಗೆ ಶಿವಭಕ್ತರ ಬಳಗ, ನಾರಾಯಣಕವಿಗಳಿಗೆ ಹಸಿದವನ ಪಾಲು. ಪರೀಕ್ಷೆಗೆಂದು ತೌಲನಿಕ ಅಧ್ಯಯನ ಬರೆಯುವವರು ಈ ಮೂರನ್ನು ಸಾಲಾಗಿ ಇರಿಸಬಹುದು, ಅಂಕಗಳೂ ಬರುತ್ತವೆ. ಆದರೆ ಅದಕ್ಕೆ ಮುಂಚೆ ಒಮ್ಮೆ ಹಾಡನ್ನು ಕೇಳಿರೆಂದು ನನ್ನ ಬಿನ್ನಹ.

1954ರ ತೂಕ್ಕು ತೂಕ್ಕಿ ಮೊದಲಾಗಿ ಅನೇಕ ಚಿತ್ರಗಳಿಗೆ ಕವಿಗಳು ಹಾಡು ಬರೆದರು. 1957ರಲ್ಲಿ ಎನ್.ಎಸ್. ಕೃಷ್ಣನ್ ತೀರಿಕೊಂಡರು. ಚಿತ್ರರಂಗದ ಅಭಿರುಚಿ ಬದಲಾಗುತ್ತ ಬಂದಿತು, ಕಿರಿಯ ಕವಿಗಳು ಮುಂದೆ ಬಂದರು. ಕಲೈಮಾಮಣಿ ಪುರಸ್ಕಾರ ಅವರಿಗೆ ಸಂದಿತು. 1981ರ ಮೇ 23ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಉಡುಮಲೈಪೇಟೆಯಲ್ಲಿ ಅವರ ಹೆಸರಿನ ಸ್ಮಾರಕ ಮಂಟಪವಿದೆ. 2008ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಅಂಚೆಚೀಟಿಯನ್ನು ಹೊರತಂದಿತು.

ಆ ಹಾಡನ್ನು ಬರೆದವರು ತನ್ನ ಊರಿನವರೇ ಎಂಬುದು ಅಜ್ಜಿಗೆ ತಿಳಿದಿರಲಿಲ್ಲ. ನಾನು ಹೇಳಿದಾಗ, ಅವರ ಮನೆಯಲ್ಲಿಯೂ ಕಾಗೆಗೆ ಅನ್ನ ಇಡುತ್ತಿದ್ದರೇನು ಎಂದು ಮಾತ್ರ ಕೇಳಿದಳು.