ಸೈಕ್ಲೋನಿಗೆ ಹೆಸರಿಟ್ಟ ಕಪ್ತಾನ: ಹೆನ್ರಿ ಪಿಡಿಂಗ್ಟನ್



ಮಹನೀಯರ ಪರಿಚಯ ಅಂಕಣಕ್ಕೆ ಈ ಸಲ ನಾನು ಆರಿಸಿಕೊಂಡಿರುವುದು ಒಬ್ಬ ಹಡಗಿನ ಕಪ್ತಾನರನ್ನು. ಇವರು ರಾಜರಲ್ಲ, ಯುದ್ಧ ಗೆದ್ದವರೂ ಅಲ್ಲ. ಆದರೆ ಇವರು ಕೊಟ್ಟ ಒಂದು ಪದ ಇವತ್ತು ಇಡೀ ಲೋಕದ ಬಾಯಲ್ಲಿದೆ. ನಾವು ಪುಸ್ತಕದಲ್ಲಿ ಚಂಡಮಾರುತ ಅಂತ ಬರೆಯುತ್ತೇವೆ, ಕಡಲಿಗೆ ಹೋಗುವವರು ತೂಫಾನು ಅಂತಾರೆ, ರೇಡಿಯೋ ಟಿ.ವಿ.ಯವರು ಸೈಕ್ಲೋನ್ ಅಂತಾರೆ. ಆ ಸೈಕ್ಲೋನ್ ಎಂಬ ಪದವನ್ನು ಹುಟ್ಟಿಸಿದವರೇ ಹೆನ್ರಿ ಪಿಡಿಂಗ್ಟನ್. ಅದೂ ಇಂಗ್ಲೆಂಡಿನಲ್ಲಿ ಕೂತು ಅಲ್ಲ, ನಮ್ಮ ದೇಶದ ಕಲ್ಕತ್ತೆಯಲ್ಲಿ ಕೂತು!

ಪಿಡಿಂಗ್ಟನ್ ಅವರು 1797ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ ಹುಟ್ಟಿದರು. ವ್ಯಾಪಾರಿ ಹಡಗು ಸೇರಿ ಪೂರ್ವ ದೇಶಗಳ ಕಡಲಿನಲ್ಲಿ ಓಡಾಡಿ ಕಪ್ತಾನರಾದರು. ಆಗಿನವು ಹಾಯಿಹಡಗುಗಳು. ಗಾಳಿಯೇ ಅವಕ್ಕೆ ಎಂಜಿನ್ನು, ಗಾಳಿಯೇ ಅವಕ್ಕೆ ಯಮ. ಮುಂದೆ ಕಡಲ ಕೆಲಸ ಬಿಟ್ಟು ಕಲ್ಕತ್ತೆಯಲ್ಲಿ ನೆಲೆನಿಂತರು. ಗಿಡಮರಗಳ ಮೇಲೂ ಅವರಿಗೆ ಆಸಕ್ತಿ. ಭಾರತದ ಸಸ್ಯಗಳ ಹೆಸರುಗಳ ಒಂದು ಪಟ್ಟಿಯನ್ನು 1832ರಲ್ಲಿ ಪುಸ್ತಕವಾಗಿ ತಂದರು. ಕಲ್ಲು, ಮಣ್ಣು, ಖನಿಜಗಳ ಸಂಗ್ರಹಾಲಯವನ್ನು ನೋಡಿಕೊಂಡರು. ಹಡಗು ಅಪಘಾತಗಳನ್ನು ವಿಚಾರಣೆ ಮಾಡುವ ನ್ಯಾಯಮಂಡಲಿಗೆ ಅಧ್ಯಕ್ಷರೂ ಆಗಿದ್ದರು. ಹಡಗು ಯಾಕೆ ಮುಳುಗಿತು, ಯಾವ ದಿಕ್ಕಿನ ಗಾಳಿ ಹೊಡೆಯಿತು ಎಂಬ ಕಥೆಗಳೆಲ್ಲ ಅವರ ಕಿವಿಗೆ ಬೀಳುತ್ತಿದ್ದವು.

1838ರಲ್ಲಿ ವಿಲಿಯಂ ರೀಡ್ ಎಂಬ ಸೇನಾಧಿಕಾರಿ ಬಿರುಗಾಳಿಗಳ ನಿಯಮದ ಬಗ್ಗೆ ಒಂದು ಪುಸ್ತಕ ಬರೆದರು. ಅದು ಪಿಡಿಂಗ್ಟನ್ ಅವರ ಮನಸ್ಸನ್ನು ಹಿಡಿಯಿತು. ಬಂಗಾಳ ಕೊಲ್ಲಿಯ ಬಿರುಗಾಳಿಗಳೂ ಆ ನಿಯಮದಂತೆಯೇ ನಡೆಯುತ್ತವೆಯೇ ಎಂದು ಪರೀಕ್ಷಿಸಲು ಹೊರಟರು. 1839ರ ಜೂನ್ ತಿಂಗಳ ಬಿರುಗಾಳಿಯ ಬಗ್ಗೆ ಅವರ ಮೊದಲನೇ ಲೇಖನ ಬಂತು. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದಾದ ಮೇಲೆ ಒಂದರಂತೆ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆಯುತ್ತಲೇ ಹೋದರು.

ಅವರು ಇದನ್ನು ಹೇಗೆ ಮಾಡಿದರು ಗೊತ್ತಾ? ಆಗ ಉಪಗ್ರಹ ಇಲ್ಲ, ರೇಡಾರ್ ಇಲ್ಲ, ಕಡಲಲ್ಲಿರುವ ಹಡಗಿನಿಂದ ಸುದ್ದಿ ಕಳಿಸಲು ವೈರ್‌ಲೆಸ್ ಕೂಡ ಇಲ್ಲ. ಇದ್ದದ್ದು ಹಡಗಿನ ದಿನಚರಿ ಪುಸ್ತಕ ಮಾತ್ರ. ಪ್ರತಿಯೊಂದು ಹಡಗಿನಲ್ಲೂ ಯಾವ ಹೊತ್ತಿಗೆ ಎಲ್ಲಿದ್ದೆವು, ಗಾಳಿ ಯಾವ ಕಡೆಯಿಂದ ಬೀಸಿತು, ವಾಯುಭಾರಮಾಪಕದ ಪಾದರಸ ಎಷ್ಟು ಇಳಿಯಿತು ಅಂತ ಬರೆದಿಡುತ್ತಿದ್ದರು. ಪಿಡಿಂಗ್ಟನ್ ಆ ಪುಸ್ತಕಗಳನ್ನು ಕೂಡಿಹಾಕಿ, ಒಂದೇ ದಿನ, ಒಂದೇ ಹೊತ್ತಿನ ಬರಹಗಳನ್ನು ನಕ್ಷೆಯ ಮೇಲೆ ಗುರುತು ಮಾಡಿದರು. ಒಂದು ಹಡಗಿಗೆ ಉತ್ತರದ ಗಾಳಿ, ಅದರಿಂದ ಪೂರ್ವಕ್ಕೆ ದೂರದಲ್ಲಿದ್ದ ಇನ್ನೊಂದಕ್ಕೆ ದಕ್ಷಿಣದ ಗಾಳಿ! ಬಾಣದ ಗುರುತು ಹಾಕುತ್ತಾ ಹೋದರೆ ಅವೆಲ್ಲ ಸೇರಿ ಒಂದು ಸುತ್ತು ಆಗುತ್ತಿತ್ತು. ಅಂದರೆ ಬಿರುಗಾಳಿ ನೇರ ಬೀಸುವ ಗಾಳಿಯಲ್ಲ, ನಡುವೆ ಒಂದು ಕೇಂದ್ರ ಇಟ್ಟುಕೊಂಡು ಬುಗುರಿಯ ಹಾಗೆ ತಿರುಗುತ್ತಾ ಮುಂದೆ ಸಾಗುವ ಗಾಳಿ.

ನಮ್ಮ ಭೂಮಿಯ ಉತ್ತರಾರ್ಧದಲ್ಲಿ ಇದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ, ದಕ್ಷಿಣಾರ್ಧದಲ್ಲಿ ಮುಳ್ಳಿನಂತೆಯೇ ತಿರುಗುತ್ತದೆ. ಹಾಗಾಗಿ ನಮ್ಮ ಕಡಲಿನಲ್ಲಿ ಬಿರುಗಾಳಿಗೆ ಮುಖ ಮಾಡಿ ನಿಂತರೆ ಅದರ ಕೇಂದ್ರ ಸುಮಾರಾಗಿ ನಮ್ಮ ಬಲಗೈ ಕಡೆ ಇರುತ್ತದೆ. ಕೇಂದ್ರ ಎಲ್ಲಿದೆ ಅಂತ ಗೊತ್ತಾದರೆ ಹಡಗನ್ನು ಅದರಿಂದ ದೂರಕ್ಕೆ ತಿರುಗಿಸಬಹುದು. ಗೊತ್ತಿಲ್ಲದಿದ್ದರೆ? 1845ರಲ್ಲಿ ಮಾರಿಷಸ್ ಹತ್ತಿರ ಚಾರ್ಲ್ಸ್ ಹೆಡಲ್ ಎಂಬ ಹಡಗು ಬಿರುಗಾಳಿಗೆ ಬೆನ್ನು ಕೊಟ್ಟು ಓಡಿತು. ಗಾಳಿ ಹೋದ ಕಡೆ ಓಡಿದರೆ ಪಾರಾಗಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಆದರೆ ಆ ಹಡಗು ಐದು ದಿನಗಳಲ್ಲಿ ಐದು ಸಲ ಗಾಣದ ಎತ್ತಿನಂತೆ ಬಿರುಗಾಳಿಯ ಕೇಂದ್ರವನ್ನೇ ಸುತ್ತಿತು! ಅದರ ದಿನಚರಿಯನ್ನು ಪಿಡಿಂಗ್ಟನ್ ಅಭ್ಯಾಸ ಮಾಡಿದರು. ಗಾಳಿ ಸುತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

1848ರಲ್ಲಿ ಅವರ ಮುಖ್ಯ ಪುಸ್ತಕ ಬಂತು. ಹೆಸರು ಸೈಲರ್ಸ್ ಹಾರ್ನ್ ಬುಕ್. ಹಾರ್ನ್ ಬುಕ್ ಅಂದರೆ ಹಿಂದೆ ಇಂಗ್ಲೆಂಡಿನ ಮಕ್ಕಳು ಅಕ್ಷರ ಕಲಿಯುತ್ತಿದ್ದ ಹಲಗೆ. ಅಕ್ಷರ ಬರೆದ ಹಾಳೆಯ ಮೇಲೆ ಕೊಂಬಿನಿಂದ ಮಾಡಿದ ತೆಳುವಾದ ಪಾರದರ್ಶಕ ಹಾಳೆ ಹೊದಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ನಾವಿಕರ ಅಂಕಲಿಪಿ. ಪುಸ್ತಕದ ಜೊತೆಗೆ ಅಂಥದೇ ಕೊಂಬಿನ ಹಾಳೆಗಳ ಮೇಲೆ ಬಿರುಗಾಳಿಯ ಸುತ್ತನ್ನು ಬರೆದು ಕೊಟ್ಟಿದ್ದರು. ಕಪ್ತಾನ ಅದನ್ನು ನಕ್ಷೆಯ ಮೇಲೆ ಇಟ್ಟು, ತನ್ನ ಹಡಗಿಗೆ ಬೀಸುತ್ತಿರುವ ಗಾಳಿಗೆ ಹೊಂದಿಸಿದರೆ ಕೇಂದ್ರ ಎಲ್ಲಿದೆ ಅಂತ ಕಾಣುತ್ತಿತ್ತು. ಹೆಚ್ಚು ಓದದವರಿಗೂ ತಿಳಿಯಲಿ ಎಂಬುದೇ ಅವರ ಉದ್ದೇಶ. ಇದೇ ಪುಸ್ತಕದಲ್ಲಿ ಅವರು ಸೈಕ್ಲೋನ್ ಎಂಬ ಪದವನ್ನು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ಚಕ್ರಕ್ಕೂ ಹಾವಿನ ಸುರುಳಿಗೂ ಹೇಳುವ ಮಾತಿನಿಂದ ಅದನ್ನು ಮಾಡಿದರು.

ಈಗ ಅವರ ಜೀವನದ ಬಹಳ ಮುಖ್ಯ ಘಟನೆಗೆ ಬರುತ್ತೇನೆ. ಚಂಡಮಾರುತದಲ್ಲಿ ಗಾಳಿಗಿಂತ ದೊಡ್ಡ ಶತ್ರು ನೀರು ಎಂದು ಪಿಡಿಂಗ್ಟನ್ ಕಂಡುಕೊಂಡಿದ್ದರು. ಗಾಳಿ ಕಡಲ ನೀರನ್ನು ಗುಡ್ಡದ ಹಾಗೆ ನೂಕಿಕೊಂಡು ದಡಕ್ಕೆ ತರುತ್ತದೆ. 1789ರಲ್ಲಿ ಗೋದಾವರಿ ನದಿ ಕಡಲು ಸೇರುವ ಕಡೆ ಇರುವ ಕೋರಂಗಿ ಎಂಬ ಬಂದರನ್ನು ಇಂಥ ಅಲೆಗಳು ತೊಳೆದುಹಾಕಿದ ಕಥೆಯನ್ನು ಅವರು ಬರೆದಿಟ್ಟಿದ್ದರು. ಆ ಹೊತ್ತಿಗೆ ಕಲ್ಕತ್ತೆಯ ಹೂಗ್ಲಿ ನದಿಯಲ್ಲಿ ಹೂಳು ತುಂಬುತ್ತಿದೆ ಎಂಬ ಭಯದಿಂದ ಸರ್ಕಾರ ಸುಂದರಬನದ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಲು ಯೋಚಿಸಿತು. 1853ರಲ್ಲಿ ಪಿಡಿಂಗ್ಟನ್ ಅವರು ಗವರ್ನರ್ ಜನರಲ್ ಡಾಲ್‌ಹೌಸಿಗೇ ಬಹಿರಂಗ ಪತ್ರ ಬರೆದರು. ಆ ಜಾಗ ಬೇಡ, ಒಂದು ದಿನ ಚಂಡಮಾರುತ ಬಂದಾಗ ಕಡಲ ನೀರು ಉರುಳಿ ಬಂದು ಊರನ್ನು 5ರಿಂದ 15 ಅಡಿ ಮುಳುಗಿಸುತ್ತದೆ ಎಂದು ಎಚ್ಚರಿಸಿದರು.

ಅವರ ಮಾತನ್ನು ಯಾರೂ ಕೇಳಲಿಲ್ಲ. 1858ರಲ್ಲಿ ಅವರು ಕಲ್ಕತ್ತೆಯಲ್ಲಿಯೇ ತೀರಿಕೊಂಡರು. ಬಂದರು ಎದ್ದಿತು. ಲಾರ್ಡ್ ಕ್ಯಾನಿಂಗ್ ಹೆಸರಿನಲ್ಲಿ ಪೋರ್ಟ್ ಕ್ಯಾನಿಂಗ್ ಆಯಿತು. ರೈಲೂ ಬಂತು. 1867ರ ನವೆಂಬರ್ 1ರಂದು ಚಂಡಮಾರುತ ಬಂದು ಆ ಬಂದರನ್ನು ಹಾಳುಮಾಡಿತು. ಕೆಲವೇ ವರ್ಷಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಪಿಡಿಂಗ್ಟನ್ ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು.

ಇದಕ್ಕೂ ಮೊದಲು 1864ರ ಅಕ್ಟೋಬರ್ 5ರಂದು ಕಲ್ಕತ್ತೆಗೇ ಚಂಡಮಾರುತ ಬಡಿದು ಸುಮಾರು 60,000 ಜನ ಸತ್ತಿದ್ದರು. ಆಮೇಲೆ ಸರ್ಕಾರದ ಕಣ್ಣು ತೆರೆಯಿತು. ಮರುವರ್ಷವೇ ಕಲ್ಕತ್ತೆ ಬಂದರಿಗೆ ಮುನ್ಸೂಚನೆ ಕೊಡುವ ಏರ್ಪಾಡಾಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು.

ಇದೆಲ್ಲ ಬಂಗಾಳದ ಕಥೆ, ನಮಗೇನು ಅಂತ ಕೇಳಬೇಡಿ. ನಮ್ಮ ಅರಬ್ಬಿ ಸಮುದ್ರದಲ್ಲೂ ಮಳೆಗಾಲಕ್ಕೆ ಮುಂಚೆ ಮತ್ತು ಮಳೆಗಾಲ ಮುಗಿದ ಮೇಲೆ ತೂಫಾನು ಏಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ನಮ್ಮ ಕರಾವಳಿಯಲ್ಲಿ ಅಲೆಗಳು ರಸ್ತೆ, ಮನೆಗಳಿಗೆ ಬಡಿದದ್ದನ್ನು ನಾವೇ ನೋಡಿದ್ದೇವೆ. ಕಡಲ ಮೇಲಿನ ನೀರು ಸುಮಾರು 26 ಡಿಗ್ರಿಗಿಂತ ಹೆಚ್ಚು ಬಿಸಿಯಾದಾಗ ಅದರ ಆವಿಯೇ ಚಂಡಮಾರುತಕ್ಕೆ ಶಕ್ತಿ ಕೊಡುತ್ತದೆ. ಮೊದಲು ವಾಯುಭಾರ ಕುಸಿತ, ಅದು ಬಲವಾದರೆ ಚಂಡಮಾರುತ.

ಹವಾಮಾನ ಇಲಾಖೆ ಈಗ ದಿನಗಳ ಮುಂಚೆಯೇ ಹೇಳುತ್ತದೆ. 1999ರಲ್ಲಿ ಒಡಿಶಾದಲ್ಲಿ ಮಹಾ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. ಅದೇ ಒಡಿಶಾದಲ್ಲಿ 2013ರಲ್ಲಿ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನು ಮುಂಚೆಯೇ ಸಾಗಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಹೇಳುವವರ ಮಾತನ್ನು ಕೇಳಿದರೆ ಎಷ್ಟು ಜೀವ ಉಳಿಯುತ್ತದೆ ನೋಡಿ!

ನಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಣ್ಣ, ಮಾವ ಬೋಟಿಗೆ ಹೋಗುವವರು. ನನ್ನ ಅಪ್ಪನೂ ಹೋಗುತ್ತಾರೆ. ಒಂದು ದಿನ ಬೋಟು ಬಿಡದಿದ್ದರೆ ಆ ದಿನದ ಸಂಪಾದನೆ ಇಲ್ಲ, ಡೀಸೆಲ್ ಸಾಲ ಹಾಗೇ ನಿಲ್ಲುತ್ತದೆ. ಅದಕ್ಕೇ ಕೆಲವರು ಎಚ್ಚರಿಕೆ ಕೇಳಿಯೂ ಹೊರಡ್ತಾರೆ. ಅವರ ಕಷ್ಟ ನಮಗೆ ಗೊತ್ತು. ಆದರೆ ಹೋದ ದುಡ್ಡು ನಾಳೆ ಬಂದೀತು, ಹೋದ ಜೀವ ಬರುವುದಿಲ್ಲ. ಆದ್ದರಿಂದ ಗೆಳೆಯರೇ, ಸಂಜೆ ಹವಾಮಾನ ವರದಿ ಕೇಳಿ ಮನೆಯಲ್ಲಿ ಹೇಳುವ ಕೆಲಸವನ್ನು ನಾವು ಮಕ್ಕಳೇ ವಹಿಸಿಕೊಳ್ಳೋಣ. ಬಂದರಿನ ಕಂಬದಲ್ಲಿ ಎಚ್ಚರಿಕೆಯ ಸಂಕೇತ ಏರಿಸಿದ್ದು ಕಂಡರೆ ಎಷ್ಟನೇ ನಂಬರು ಅಂತ ತಿಳಿದುಕೊಂಡು ಬಂದು ತಿಳಿಸೋಣ. ಪಿಡಿಂಗ್ಟನ್ ಅವರ ಮಾತನ್ನು ಅಂದಿನ ದೊಡ್ಡವರು ಕೇಳಲಿಲ್ಲ. ನಮ್ಮ ಮಾತನ್ನು ನಮ್ಮ ಮನೆಯವರು ಕೇಳಿಯಾರು.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ