ತೊಟ್ಟಿಲು ತಿರುಗಿಸಿದ ಇಂಜಿನಿಯರ್

ಜಾತ್ರೆ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಬೆಂಡು ಬತ್ತಾಸು, ಕಡ್ಲೆಪುರಿ, ಆಮೇಲೆ ಜೈಂಟ್ ವೀಲ್. ಲಾರಿಯಲ್ಲಿ ತೊಟ್ಟಿಲಿನ ಬಿಡಿಭಾಗ ಹೇರಿಕೊಂಡು ಊರೂರು ಸುತ್ತುವ ಕುಟುಂಬಗಳನ್ನು ನಾವು ನೋಡಿದ್ದೀವಿ. ಅಪ್ಪ ಮೋಟಾರು ನೋಡಿಕೊಂಡರೆ ಅಮ್ಮ ಟಿಕೆಟ್ ಕೊಡ್ತಾರೆ, ಮಗ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಗಿ ಮಾಡ್ತಾನೆ. ತೊಟ್ಟಿಲು ಮೇಲೆ ಹೋಗಿ ಒಂದು ಕ್ಷಣ ನಿಂತಾಗ ಎದೆ ಝಲ್ಲೆನ್ನುತ್ತಲ್ಲ, ಆಗ ನಾವು ಯಾರನ್ನು ನಂಬಿ ಕೂತಿರ್ತೀವಿ?

ಇದು ಸುಮ್ಮನೆ ಕೇಳೋ ಪ್ರಶ್ನೆ ಅಲ್ಲ. ನಮ್ಮ ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ 2025ರ ಮಾರ್ಚ್‌ನಲ್ಲಿ ಗಾಳಿ ಮಳೆಗೆ ಎತ್ತರದ ತೇರು ಉರುಳಿ ಜೀವಹಾನಿ ಆಯ್ತು. ತೇರಾಗಲಿ, ತೊಟ್ಟಿಲಾಗಲಿ, ಎತ್ತರಕ್ಕೆ ಕಟ್ಟಿದ್ದಕ್ಕೆಲ್ಲ ಗಾಳಿ ಒಂದೇ. ಆ ಗಾಳಿಗೆ ಜಗ್ಗದ ಚಕ್ರ ಕಟ್ಟಿದ ಒಬ್ಬ ಇಂಜಿನಿಯರ್ ಕಥೆಯನ್ನು ಈ ಸಲ ಹೇಳಬೇಕು ಅನ್ನಿಸಿತು. ಅವರೇ ಜಾರ್ಜ್ ವಾಷಿಂಗ್ಟನ್ ಗೇಲ್ ಫೆರಿಸ್. ಜೈಂಟ್ ವೀಲ್‌ಗೆ ಫೆರಿಸ್ ವೀಲ್ ಅಂತ ಹೆಸರು ಬಂದದ್ದು ಅವರಿಂದಲೇ.

ಹಾಗಂತ ತಿರುಗುವ ತೊಟ್ಟಿಲನ್ನು ಕಂಡುಹಿಡಿದದ್ದು ಫೆರಿಸ್ ಅಲ್ಲ. ಕೈಯಿಂದ ತಿರುಗಿಸುವ ಮರದ ಚಕ್ರಗಳು ನೂರಾರು ವರ್ಷ ಮೊದಲೇ ಇದ್ದವು. 1623ರಲ್ಲಿ ನಮ್ಮ ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಅದಕ್ಕೂ ಮೊದಲು ಕಾನ್‌ಸ್ಟಾಂಟಿನೋಪಲ್‌ನ ಹಬ್ಬದಲ್ಲಿ ಇಂಥ ಚಕ್ರದಲ್ಲಿ ಕೂತು ಖುಷಿಪಟ್ಟಿದ್ದ. ಫೆರಿಸ್ ಮಾಡಿದ್ದು ಬೇರೆಯೇ. ಮರದ ಆಟಿಕೆಯಂತಿದ್ದದ್ದನ್ನು ಅವರು ಉಕ್ಕಿನ ಸೇತುವೆಯಷ್ಟು ಗಟ್ಟಿ ಮಾಡಿದರು.

ಅವರು ಹುಟ್ಟಿದ್ದು 1859ರ ಫೆಬ್ರವರಿ 14ರಂದು, ಅಮೆರಿಕದ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್‌ನಲ್ಲಿ. ಹೆಚ್ಚುಕಡಿಮೆ ನಮ್ಮ ಸರ್ ಎಂ.ವಿ. ಅವರ ವಾರಿಗೆಯವರು. ಚಿಕ್ಕಂದಿನಲ್ಲೇ ಮನೆಯವರು ನೆವಾಡಕ್ಕೆ ಹೋಗಿ ನೆಲೆಸಿದರು. ಫೆರಿಸ್ 1881ರಲ್ಲಿ ರೆನ್ಸೆಲಿಯರ್ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ರೈಲು ದಾರಿ, ಸೇತುವೆಗಳ ಕೆಲಸಕ್ಕೆ ಇಳಿದರು. ಆಮೇಲೆ ಪಿಟ್ಸ್‌ಬರ್ಗ್‌ನಲ್ಲಿ ಸ್ವಂತ ಕಂಪನಿ ತೆರೆದರು. ಆ ಕಂಪನಿಯ ಕೆಲಸ ಏನು ಗೊತ್ತಾ? ಸೇತುವೆಗೆ ಬಳಸುವ ಲೋಹವನ್ನು ಪರೀಕ್ಷೆ ಮಾಡೋದು. ಅಂದ್ರೆ ಇನ್ಸ್‌ಪೆಕ್ಷನ್. ಪ್ಲೇಸ್‌ಮೆಂಟ್ ಟೈಮಲ್ಲಿ ನಾವು ಯಾರೂ ಆಸೆಪಟ್ಟು ಕೇಳದ ಕೆಲಸ!

1893ರಲ್ಲಿ ಷಿಕಾಗೋದಲ್ಲಿ ವಿಶ್ವಮೇಳ. ಅದರ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ವಿವೇಕಾನಂದರು ಮಾತಾಡಿದ್ದು. ಪ್ಯಾರಿಸ್‌ನವರು 1889ರಲ್ಲಿ ಐಫೆಲ್ ಗೋಪುರ ಕಟ್ಟಿದ್ದರು. ಅದನ್ನು ಮೀರಿಸುವಂಥದ್ದು ಬೇಕು ಅಂತ ಮೇಳದ ಮುಖ್ಯಸ್ಥ ಡೇನಿಯಲ್ ಬರ್ನ್‌ಹ್ಯಾಮ್ ಇಂಜಿನಿಯರ್‌ಗಳಿಗೆ ಸವಾಲು ಹಾಕಿದರು. ಫೆರಿಸ್ ಚಕ್ರದ ನಕ್ಷೆ ತಂದಾಗ ಅವರಿಗೇ ನಂಬಿಕೆ ಬರಲಿಲ್ಲ. ಇಷ್ಟು ತೆಳ್ಳಗಿರೋದು ನಿಲ್ಲುತ್ತಾ ಅನ್ನೋದೇ ಅನುಮಾನ. ಕೊನೆಗೆ ಒಪ್ಪಿಗೆ ಸಿಕ್ಕಿದ್ದು 1892ರ ಡಿಸೆಂಬರ್‌ನಲ್ಲಿ. ಮೇಳ ಶುರುವಾಗೋದು ಮೇ 1ಕ್ಕೆ. ದುಡ್ಡನ್ನೂ ಫೆರಿಸ್ ಅವರೇ ಹೊಂದಿಸಿಕೊಳ್ಳಬೇಕಿತ್ತು.

ಹೆಪ್ಪುಗಟ್ಟಿದ ನೆಲವನ್ನು ಹಬೆಯಿಂದ ಕರಗಿಸಿ ಪಾಯ ಹಾಕಿದರು. ಚಕ್ರದ ಎತ್ತರ 264 ಅಡಿ. 36 ಕೋಣೆಗಳು, ಒಂದೊಂದರಲ್ಲಿ 60 ಜನ, ಒಟ್ಟು 2,160 ಮಂದಿ ಒಂದೇ ಸಲ. ನಡುವಿನ ಅಚ್ಚೇ 45 ಅಡಿಗಿಂತ ಉದ್ದ. ಆದರೆ ಅಚ್ಚಿನಿಂದ ಅಂಚಿನವರೆಗೆ ಇದ್ದದ್ದು ದಪ್ಪ ತೊಲೆಗಳಲ್ಲ, ಸೈಕಲ್ ಸ್ಪೋಕಿನ ಹಾಗೆ ಎಳೆದು ಕಟ್ಟಿದ ಎರಡೂವರೆ ಇಂಚಿನ ಕಂಬಿಗಳು. ಚಕ್ರದ ಕೆಳಭಾಗ ಅಚ್ಚಿಗೆ ನೇತಾಡುತ್ತಿತ್ತು, ಮೇಲ್ಭಾಗ ಕಮಾನಿನ ಹಾಗೆ ಅಂಚಿನ ಮೇಲೆ ನಿಂತಿತ್ತು. ನಾವು ಮೊದಲ ವರ್ಷ ಮೆಕ್ಯಾನಿಕ್ಸ್‌ನಲ್ಲಿ ಓದುವ ಟೆನ್ಷನ್, ಕಂಪ್ರೆಷನ್ ಅಷ್ಟೇ. ಕಂಬಿ ಎಳೆತಕ್ಕೆ ತಡೆಯುತ್ತೆ ಅಂತ ಧೈರ್ಯವಾಗಿ ಹೇಳಲು ಆ ಲೋಹದ ಗುಣ ಗೊತ್ತಿರಬೇಕು. ಲೋಹ ಪರೀಕ್ಷೆಯೇ ಕಸುಬಾಗಿದ್ದ ಫೆರಿಸ್‌ಗೆ ಅದು ಗೊತ್ತಿತ್ತು. ಲೆಕ್ಕ ಹಾಕಿದ್ದು ಅವರ ಜೊತೆಗಾರ ಗ್ರೋನಾವ್.

ಜೂನ್‌ನಲ್ಲಿ ಚಕ್ರ ಮೊದಲ ಸಲ ತಿರುಗಿದಾಗ ಫೆರಿಸ್ ಪಿಟ್ಸ್‌ಬರ್ಗ್‌ನಲ್ಲಿದ್ದರು. ಸುದ್ದಿ ತಂತಿಯಲ್ಲಿ ಬಂತು. ಮೊದಲ ಕೋಣೆ ಜೋಡಿಸಿದಾಗ ಅದರಲ್ಲಿ ಕೂತು ಮೇಲೇರಿದವರಲ್ಲಿ ಅವರ ಹೆಂಡತಿ ಮಾರ್ಗರೆಟ್ ಇದ್ದರು. ಜೂನ್ 21ರಿಂದ ಜನರಿಗೂ ಬಾಗಿಲು ತೆರೆಯಿತು. ಟಿಕೆಟ್ 50 ಸೆಂಟು, ಎರಡು ಸುತ್ತು. ಜುಲೈನಲ್ಲಿ ಬಿರುಗಾಳಿ ಬಂದು ಮೇಳದ ದೊಡ್ಡ ಬಲೂನು ಹರಿದು ಚಿಂದಿಯಾಯ್ತು. ಚಕ್ರ ಮಾತ್ರ ಅಲ್ಲೇ ಗಟ್ಟಿಯಾಗಿ ನಿಂತಿತ್ತು. ಮೇಳ ಮುಗಿಯುವಷ್ಟರಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಕೂತು ಇಳಿದಿದ್ದರು.

ಆದರೆ ಚಕ್ರ ಗೆದ್ದಷ್ಟು ಸುಲಭವಾಗಿ ಬದುಕು ಗೆಲ್ಲಲಿಲ್ಲ. ಲಾಭದ ಪಾಲಿಗಾಗಿ ಮೇಳದವರ ಜೊತೆ ಕೋರ್ಟು ಕಚೇರಿ ಶುರುವಾಯ್ತು, ಸಾಲ ಏರಿತು. ಮಾರ್ಗರೆಟ್ ದೂರವಾದರು. 1896ರ ನವೆಂಬರ್ 22ರಂದು ಪಿಟ್ಸ್‌ಬರ್ಗ್‌ನ ಆಸ್ಪತ್ರೆಯಲ್ಲಿ ಟೈಫಾಯ್ಡ್‌ನಿಂದ ಫೆರಿಸ್ ತೀರಿಕೊಂಡರು. ವಯಸ್ಸು ಬರೀ 37. ಅಂತ್ಯಕ್ರಿಯೆಯ ಬಿಲ್ಲು ಕಟ್ಟದೆ ಅವರ ಚಿತಾಭಸ್ಮ ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದಿತ್ತು. ಚಕ್ರವನ್ನು 1904ರ ಸೇಂಟ್ ಲೂಯಿಸ್ ಮೇಳಕ್ಕೆ ಸಾಗಿಸಿದರು, 1906ರಲ್ಲಿ ಡೈನಮೈಟ್ ಇಟ್ಟು ಕೆಡವಿದರು.

ಹಾಗಾದ್ರೆ ಉಳಿದದ್ದೇನು? ಷಿಕಾಗೋದಲ್ಲಿ ಆ ಚಕ್ರದಲ್ಲಿ ಕೂತವರಲ್ಲಿ ವಿಲಿಯಂ ಸಲಿವನ್ ಅನ್ನೋ ಸೇತುವೆ ಕಟ್ಟುವವರೂ ಇದ್ದರು. 1900ರಲ್ಲಿ ಅವರು ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಬಹುದಾದ ಚಿಕ್ಕ ಚಕ್ರ ಮಾಡಿದರು. ಅವರ ಈಲೈ ಬ್ರಿಡ್ಜ್ ಕಂಪನಿ ತಲೆಮಾರುಗಳಿಂದ ಅದೇ ಮನೆತನದ ಕೈಯಲ್ಲಿ ನಡೆದುಬಂತು. ಕುಟುಂಬಗಳೇ ನಡೆಸುವ ಸಣ್ಣ ಪಾರ್ಕುಗಳಿಗೆ, ಊರ ಸಂತೆಗಳಿಗೆ ಚಕ್ರ ಬಂದದ್ದು ಇಂಥವರಿಂದ. ನಮ್ಮ ಜಾತ್ರೆಯ ತೊಟ್ಟಿಲೂ ಅದೇ ಬಳಗದ್ದು.

ಮುಂದಿನ ಜಾತ್ರೆಗೆ ಸ್ವಲ್ಪ ಬೇಗ, ಜನ ಸೇರೋಕೆ ಮುಂಚೆ ಹೋಗಿ. ಸ್ಪ್ಯಾನರ್ ಹಿಡಿದು ಒಂದೊಂದೇ ಬೋಲ್ಟ್ ನೋಡುತ್ತಾ ಬರುವ ಆ ಹುಡುಗನನ್ನು ಮಾತಾಡಿಸಿ. ಯಾವ ಕೀಲು ಬೇಗ ಸವೆಯುತ್ತೆ, ಎಷ್ಟು ಗಾಳಿ ಬಂದರೆ ನಿಲ್ಲಿಸ್ತೀರಾ ಅಂತ ಕೇಳಿ. ಫೆರಿಸ್ ಮಾಡುತ್ತಿದ್ದ ಕೆಲಸವನ್ನೇ ಆತನೂ ಮಾಡ್ತಿದ್ದಾನೆ. ನಾವು ಡಿಗ್ರಿ ತಗೊಂಡು ನಾಳೆ ಸಹಿ ಹಾಕೋ ಪ್ರತಿ ಪರೀಕ್ಷಾ ವರದಿಯ ಮೇಲೂ ಹೀಗೇ ಯಾರೋ ನಂಬಿ ಕೂತಿರ್ತಾರೆ.