ಮುನ್ನೆಚ್ಚರಿಕೆ ನೀಡಿ ಅಪಹಾಸ್ಯಕ್ಕೀಡಾದ ಭೂಕಂಪ ವಿಜ್ಞಾನಿ ಇಮಾಮುರಾ

1891ರ ಅಕ್ಟೋಬರ್ 28ರ ಮುಂಜಾನೆ ಜಪಾನಿನ ಮಧ್ಯಭಾಗದಲ್ಲಿ ಭೀಕರ ಭೂಕಂಪ ಸಂಭವಿಸಿತು. ಏಳು ಸಾವಿರಕ್ಕೂ ಅಧಿಕ ಜನ ಅಸುನೀಗಿದರು. ಆಗ ಟೋಕಿಯೊದಲ್ಲಿ ಭೌತಶಾಸ್ತ್ರ ವ್ಯಾಸಂಗ ಮಾಡುತ್ತಿದ್ದ 21 ವರ್ಷದ ವಿದ್ಯಾರ್ಥಿಯೊಬ್ಬರ ಮನಸ್ಸನ್ನು ಈ ದುರಂತ ಬಲವಾಗಿ ಕಲಕಿತು. ಭೂಮಿ ಏಕೆ ನಡುಗುತ್ತದೆ ಎಂಬ ಪ್ರಶ್ನೆಯನ್ನು ಅವರು ಬದುಕಿನ ಕೊನೆಯವರೆಗೂ ಬಿಡಲಿಲ್ಲ. ಅವರೇ ಅಕಿತ್ಸುನೆ ಇಮಾಮುರಾ.

1870ರಲ್ಲಿ ಕಾಗೋಶಿಮಾದಲ್ಲಿ ಜನಿಸಿದ ಇಮಾಮುರಾ, ಪದವಿಯ ನಂತರ ಭೂಕಂಪಶಾಸ್ತ್ರವನ್ನೇ ಆಯ್ದುಕೊಂಡರು. 1896ರಲ್ಲಿ ಸಾನ್‌ರಿಕು ಕರಾವಳಿಗೆ ಅಪ್ಪಳಿಸಿದ ಸುನಾಮಿ ಸುಮಾರು 22 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಕಡಲತಳವೇ ಮೇಲೆ ಕೆಳಗೆ ಸರಿಯುವುದರಿಂದ ಇಂಥ ಅಲೆಗಳು ಏಳುತ್ತವೆ ಎಂದು ಅವರು 1899ರಲ್ಲಿ ಪ್ರತಿಪಾದಿಸಿದರು. ಇಂದು ಶಾಲಾಮಕ್ಕಳೂ ಬಲ್ಲ ಈ ವಿಚಾರವನ್ನು ಅಂದಿನ ವಿದ್ವಾಂಸರು ಒಪ್ಪಲಿಲ್ಲ.

ಇಮಾಮುರಾ ಹಳೆಯ ದಾಖಲೆಗಳನ್ನು ಶ್ರದ್ಧೆಯಿಂದ ಶೋಧಿಸಿದರು. 1649, 1703 ಮತ್ತು 1855ರಲ್ಲಿ ರಾಜಧಾನಿಯನ್ನು ನಡುಗಿಸಿದ ಭೂಕಂಪಗಳ ನಡುವಣ ಅಂತರವನ್ನು ಲೆಕ್ಕ ಹಾಕಿ, ಮುಂದಿನ 50 ವರ್ಷಗಳೊಳಗೆ ಮತ್ತೊಂದು ಮಹಾಕಂಪನ ಸಂಭವಿಸಬಹುದೆಂದು 1905ರಲ್ಲಿ ಲೇಖನ ಬರೆದರು. ಮರದ ಮನೆಗಳಿಂದ ಕಿಕ್ಕಿರಿದ ನಗರದಲ್ಲಿ ಬೆಂಕಿ ಹಬ್ಬಿದರೆ ಒಂದು ಲಕ್ಷಕ್ಕೂ ಹೆಚ್ಚು ಜನ ಸಾಯಬಹುದೆಂಬುದು ಅವರ ಅಂದಾಜಾಗಿತ್ತು. ಎಣ್ಣೆ ದೀಪಗಳನ್ನು ಕೈಬಿಟ್ಟು ವಿದ್ಯುದ್ದೀಪ ಬಳಸಬೇಕೆಂದೂ ಅವರು ಸೂಚಿಸಿದ್ದರು.

ಮರುವರ್ಷದ ಆರಂಭದಲ್ಲಿ ಪತ್ರಿಕೆಯೊಂದು ಈ ಲೇಖನಕ್ಕೆ ಬಣ್ಣ ಹಚ್ಚಿ ಪ್ರಕಟಿಸಿತು. ನಗರದಲ್ಲಿ ಗಾಬರಿ ಹಬ್ಬಿತು. ಜನರನ್ನು ಸಮಾಧಾನಪಡಿಸಲು ಮುಂದಾದ ವಿಭಾಗದ ಮುಖ್ಯಸ್ಥ, ವಿಶ್ವವಿಖ್ಯಾತ ವಿಜ್ಞಾನಿ ಫುಸಾಕಿಚಿ ಒಮೋರಿ, ಈ ಮಾತಿಗೆ ಆಧಾರವಿಲ್ಲವೆಂದು ಬಹಿರಂಗವಾಗಿ ತಳ್ಳಿಹಾಕಿದರು. ಒಮೋರಿಯವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ವದಂತಿಯ ಜತೆಗೆ ಎಚ್ಚರಿಕೆಯೂ ಮೂಲೆಗುಂಪಾಯಿತು. ಇಮಾಮುರಾ ಅವರಿಗೆ ಬಡಾಯಿಕೋರನೆಂಬ ಹಣೆಪಟ್ಟಿ ಅಂಟಿತು.

1923ರ ಸೆಪ್ಟೆಂಬರ್ 1, ಮಧ್ಯಾಹ್ನಕ್ಕೆ ಇನ್ನೆರಡೇ ನಿಮಿಷ. ಮನೆಮನೆಯಲ್ಲೂ ಊಟಕ್ಕಾಗಿ ಒಲೆ ಉರಿಯುತ್ತಿದ್ದ ಹೊತ್ತಿನಲ್ಲಿ ಕಾಂಟೋ ಪ್ರದೇಶ ಕಂಪಿಸಿತು. ನೀರಿನ ಕೊಳವೆಗಳು ಒಡೆದುಹೋದವು. ಬಲವಾದ ಗಾಳಿಗೆ ಬೆಂಕಿ ಕೇರಿಯಿಂದ ಕೇರಿಗೆ ಹಾರಿತು. ಬಯಲೊಂದರಲ್ಲಿ ಆಶ್ರಯ ಪಡೆದಿದ್ದ ಸುಮಾರು 38 ಸಾವಿರ ಜನ ಅಲ್ಲಿಯೇ ಬೆಂದುಹೋದರು. ಒಟ್ಟು ಸಾವಿನ ಸಂಖ್ಯೆ ಒಂದು ಲಕ್ಷವನ್ನು ಮೀರಿತು.

ಸಮ್ಮೇಳನಕ್ಕೆಂದು ಆಸ್ಟ್ರೇಲಿಯಕ್ಕೆ ತೆರಳಿದ್ದ ಒಮೋರಿ ಆ ದಿನ ಸಿಡ್ನಿಯಲ್ಲಿದ್ದರು. ಅಲ್ಲಿನ ಕಂಪನಮಾಪಕದ ಮುಳ್ಳು ಅಲುಗಾಡಿದ್ದನ್ನು ಕಣ್ಣಾರೆ ಕಂಡರು. ಅನಾರೋಗ್ಯಪೀಡಿತರಾಗಿಯೇ ಸ್ವದೇಶಕ್ಕೆ ಮರಳಿದ ಅವರು ಅದೇ ನವೆಂಬರ್‌ನಲ್ಲಿ ನಿಧನರಾದರು. ಅವರ ಸ್ಥಾನಕ್ಕೆ ಇಮಾಮುರಾ ಬಂದರು.

ತಮ್ಮ ಮಾತು ನಿಜವಾಯಿತೆಂದು ಇಮಾಮುರಾ ಸುಮ್ಮನೆ ಕೂರಲಿಲ್ಲ. ಮುಂದಿನ ಅಪಾಯ ನೈಋತ್ಯ ಕರಾವಳಿಯ ನಾನ್‌ಕಾಯ್ ಪ್ರದೇಶಕ್ಕಿದೆಯೆಂದು ತರ್ಕಿಸಿ, ಸ್ವಂತ ಹಣದಿಂದಲೇ ಅಲ್ಲಿ ವೀಕ್ಷಣಾಲಯ ಸ್ಥಾಪಿಸಿದರು. 1944 ಮತ್ತು 1946ರಲ್ಲಿ ಆ ಕರಾವಳಿಯಲ್ಲಿ ಎರಡು ಮಹಾಕಂಪನಗಳು ಸಂಭವಿಸಿದವು. ಸುನಾಮಿ ಬರುವ ಮುನ್ನ ಹುಲ್ಲಿನ ಬಣವೆಗೆ ಬೆಂಕಿಯಿಟ್ಟು ಊರ ಜನರನ್ನು ಗುಡ್ಡಕ್ಕೆ ಕರೆತಂದವನ ಕಥೆ ಜಪಾನಿನ ಪಠ್ಯಪುಸ್ತಕದಲ್ಲಿತ್ತು. ಅದನ್ನು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಶಿಕ್ಷಕರಿಗಾಗಿ ಅವರು ಬರೆದರು.

1948ರ ಜನವರಿ 1ರಂದು ಇಮಾಮುರಾ ತೀರಿಕೊಂಡರು. ಭೂಕಂಪದ ದಿನ, ಗಳಿಗೆಯನ್ನು ಮೊದಲೇ ಹೇಳಬಲ್ಲ ವಿದ್ಯೆ ಇಂದಿಗೂ ಯಾರ ಕೈಗೂ ದಕ್ಕಿಲ್ಲ. ಅಪಾಯ ಎಲ್ಲಿದೆ ಎಂಬುದನ್ನು ಅರಿತು ಮೊದಲೇ ಸಿದ್ಧರಾಗಿರುವುದೊಂದೇ ಮನುಷ್ಯರ ಕೈಯಲ್ಲಿರುವ ದಾರಿ. ಇಮಾಮುರಾ 1905ರಲ್ಲಿ ಹೇಳಿದ್ದೂ ಅದನ್ನೇ.